ಸೋಮವಾರ ಕಡತ, ಶನಿವಾರ ಗಿಟಾರ್

ನಮ್ಮೂರಿನ ತಮಟೆ ತಂಡಕ್ಕೆ ಕೆಲವು ವರ್ಷಗಳ ಹಿಂದೆ ಒಂದು ಸರ್ಕಾರಿ ಕಾರ್ಯಕ್ರಮ ಸಿಕ್ಕಿತ್ತು. ಹನ್ನೆರಡು ಜನ ಹೋಗಿ ಬಾರಿಸಿ ಬಂದರು. ಶಾಲು, ಹಾರ, ಫೋಟೊ ಎಲ್ಲಾ ಆಯಿತು. ದುಡ್ಡು ಮಾತ್ರ ಬರಲಿಲ್ಲ. ವಿಚಾರಿಸಲು ಹೋದರೆ ಖರ್ಚಿನ ಬಿಲ್ ಕೊಡಿ ಅಂದರು. ಟೆಂಪೊ ಬಾಡಿಗೆಗೆ ಹೇಗೋ ಒಂದು ಚೀಟಿ ಬರೆಸಿಕೊಂಡು ಬಂದೆವು. ಊಟಕ್ಕೂ ಒಂದು ಸಿಕ್ಕಿತು. ಕೊನೆಗೆ ಉಳಿದಿದ್ದು ಹುಲ್ಲು. ತಮಟೆಯ ಚರ್ಮ ತಣ್ಣಗಾದರೆ ನಾದ ಇಳಿದುಬಿಡುತ್ತದೆ. ಅದಕ್ಕೇ ಹುಲ್ಲಿಗೆ ಬೆಂಕಿ ಹಾಕಿ ಆಗಾಗ ಕಾಯಿಸಿಕೊಳ್ಳಬೇಕು. ಆ ಹುಲ್ಲನ್ನು ಅಲ್ಲೇ ಯಾರದೋ ಬಣವೆಯಿಂದ ಇನ್ನೂರು ರೂಪಾಯಿ ಕೊಟ್ಟು ತಂದಿದ್ದರು.

‘ಹುಲ್ಲಿಗೆ ಬಿಲ್ ಇಲ್ಲಾಂದ್ರೆ ಬಿಡಿ. ಆದ್ರೆ ಟೋಟಲ್ ಮಾತ್ರ ತಾಳೆ ಆಗ್ಬೇಕು’ ಅಂದರು ಮೇಜಿನ ಆಚೆ ಕೂತವರು.

ತಂಡದ ಹಿರಿಯರು, ಊರಿಗೆಲ್ಲ ತಾತ, ನನ್ನ ಮುಖ ನೋಡಿದರು. ಅರ್ಜಿ ಬರೆದುಕೊಟ್ಟಿದ್ದು ನಾನೇ ಅಲ್ವಾ. ಹೊರಗೆ ಬಂದು ಟೀ ಕುಡಿಯುವಾಗ ಒಂದು ಮಾತು ಹೇಳಿದರು. ‘ನಮ್ಮಂಗೆ ಬಾರ್ಸೋನು ಒಬ್ಬ ಮಂತ್ರಿ ಆಗ್ಬೇಕು ಕಣ್ ಮಗ. ಆಗ ಗೊತ್ತಾಯ್ತದೆ.’

ಆಗ ನನಗೆ ನೆನಪಾದವರು ಜಿಲ್ಬೆರ್ಟೊ ಜಿಲ್. ಇಂಗ್ಲಿಷ್ ಓದಿಕೊಂಡವರು ಗಿಲ್ ಅಂತಾರೆ, ಅವರ ಪೋರ್ಚುಗೀಸ್ ಭಾಷೆಯಲ್ಲಿ ಅದು ಜ. ಬ್ರೆಜಿಲ್‌ನ ಹಾಡುಗಾರ. ಹಾಡು ಕಟ್ಟಿದ್ದಕ್ಕೆ ಜೈಲಿಗೆ ಹೋದವರು, ದೇಶ ಬಿಟ್ಟವರು. ಅದೇ ಮನುಷ್ಯ 2003ರ ಜನವರಿಯಿಂದ 2008ರ ಜುಲೈವರೆಗೆ ಅದೇ ದೇಶದ ಸಂಸ್ಕೃತಿ ಮಂತ್ರಿ. ತಾತನ ಆಸೆ ಒಂದು ಕಡೆ ನಿಜವಾಗಿಯೂ ನಡೆದಿತ್ತು. ಮತ್ತೆ ಅಲ್ಲಿ ಏನಾಯಿತು ಅನ್ನೋದನ್ನು ಅವತ್ತಿನಿಂದ ನಾನು ಓದುತ್ತಲೇ ಇದ್ದೇನೆ.

ಜಿಲ್ ಅವರನ್ನು ಜನಪದ ಗಾಯಕ ಅಂದರೆ ಕೆಲವರು ಮೂಗು ಮುರಿಯಬಹುದು. ಡಾಕ್ಟರ ಮಗ, ತಾಯಿ ಟೀಚರ್, ಕಾಲೇಜಲ್ಲಿ ಓದಿದ್ದು ಬಿಸಿನೆಸ್ ಅಡ್ಮಿನಿಸ್ಟ್ರೇಷನ್, ಮೊದಲ ನೌಕರಿ ಸಾಬೂನು ಕಂಪನಿಯಲ್ಲಿ. ಆದರೆ ಕಿವಿ ಬೆಳೆದದ್ದು ಬೇರೆ ಕಡೆ. 1942ರಲ್ಲಿ ಸಾಲ್ವಡಾರ್ ನಗರದಲ್ಲಿ ಹುಟ್ಟಿದರೂ ಬಾಲ್ಯ ಕಳೆದದ್ದು ಒಳನಾಡಿನ ಇತುಆಸು ಅನ್ನುವ ಸಣ್ಣ ಊರಿನಲ್ಲಿ. ಆ ಸೀಮೆಗೆ ಸೆರ್ತಾವ್ ಅಂತಾರೆ. ನಮ್ಮ ಬಯಲುಸೀಮೆಯ ಹಾಗೆ ಮಳೆ ನಂಬಿ ಕೆಡುವ ನೆಲ, ಬರ ಬಂದರೆ ಗುಳೆ. ಅಲ್ಲಿನ ಸಂತೆಗಳಲ್ಲಿ ಇಬ್ಬರು ಹಾಡುಗಾರರು ಎದುರುಬದುರು ನಿಂತು ಪದಕ್ಕೆ ಪದ ಕಟ್ಟಿ ವಾದ ಹಾಕುತ್ತಾರೆ. ಹರದೇಶಿ ನಾಗೇಶಿ ಕೇಳಿದವರಿಗೆ ಬೇರೆ ವಿವರಣೆ ಬೇಡ. ಆ ಕಾಲಕ್ಕೆ ರೇಡಿಯೊದಲ್ಲಿ ಲೂಯಿಸ್ ಗೊನ್ಜಾಗಾ ಅವರದೇ ಆಳ್ವಿಕೆ. ಚರ್ಮದ ಟೋಪಿ ಹಾಕಿ, ಅಕಾರ್ಡಿಯನ್ ಹಿಡಿದು, ಬರದ ಹಾಡು ಗುಳೆಯ ಹಾಡು ಹೇಳುತ್ತಿದ್ದವರು. ಅವರ ಹುಚ್ಚಿನಿಂದಲೇ ಹುಡುಗ ಜಿಲ್ ಕಲಿತ ಮೊದಲ ದೊಡ್ಡ ವಾದ್ಯ ಅಕಾರ್ಡಿಯನ್. ಗಿಟಾರ್ ಬಂದಿದ್ದು ಆಮೇಲೆ.

1967ರಲ್ಲಿ ಇನ್ನೊಂದು ಘಟನೆ. ಈಶಾನ್ಯ ಬ್ರೆಜಿಲ್‌ನ ಕರುಆರು ಅನ್ನುವ ಊರಿನಲ್ಲಿ ಬಿದಿರಿನ ಕೊಳಲು ಮತ್ತು ಡೋಲಿನ ಒಂದು ಹಳ್ಳಿ ಮೇಳ ಕೇಳಿದರು. ಬಡ ರೈತರ ಮೇಳ. ಅದೇ ದಿನಗಳಲ್ಲಿ ಬೀಟಲ್ಸ್ ಹಾಡುಗಳೂ ಕಿವಿಯಲ್ಲಿ ಕೂತಿದ್ದವು. ಇವೆರಡನ್ನೂ ಒಂದೇ ವೇದಿಕೆ ಹತ್ತಿಸಿದರೆ ಏನು ತಪ್ಪು ಅಂತ ತಲೆಗೆ ಬಂತು. ಗೆಳೆಯ ಕಯೇತಾನೊ ವೆಲೋಸೊ ಜೊತೆ ಸೇರಿ ಮುಂದೆ ‘ಟ್ರೋಪಿಕಾಲಿಯಾ’ ಅನ್ನುವ ಚಳವಳಿಯೇ ಆಯಿತು.

ಇಲ್ಲೊಂದು ತಮಾಷೆ ಹೇಳಲೇಬೇಕು. ಅದೇ ವರ್ಷ ಜುಲೈನಲ್ಲಿ ಸಾವೊ ಪೌಲೊ ಬೀದಿಯಲ್ಲಿ ಒಂದು ಮೆರವಣಿಗೆ ನಡೆಯಿತು. ಎಲೆಕ್ಟ್ರಿಕ್ ಗಿಟಾರ್ ವಿರುದ್ಧ! ವಿದೇಶಿ ವಾದ್ಯ ನಮ್ಮ ಸಂಗೀತ ಕೆಡಿಸುತ್ತದೆ ಅಂತ. ಆ ಮೆರವಣಿಗೆಯಲ್ಲಿ ಜಿಲ್ ಕೂಡ ಇದ್ದರು, ಗಾಯಕಿ ಎಲಿಸ್ ರೆಜಿನಾ ಅವರ ಸ್ನೇಹಕ್ಕೆ ಕಟ್ಟುಬಿದ್ದು. ಮೂರು ತಿಂಗಳಾದ ಮೇಲೆ ಟಿವಿ ಹಾಡಿನ ಸ್ಪರ್ಧೆಯಲ್ಲಿ ಅದೇ ಜಿಲ್ ಎಲೆಕ್ಟ್ರಿಕ್ ಗಿಟಾರಿನ ಹುಡುಗರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹಾಡಿದರು. ಹಾಡಿನ ತಾಳ ಕಪೊಯೆರಾದ್ದು, ಅಂದರೆ ಗುಲಾಮರು ಕಟ್ಟಿದ ಕುಣಿತ-ಕಾದಾಟದ್ದು. ಎರಡನೇ ಬಹುಮಾನ ಬಂತು. ನನಗೆ ಜಿಲ್ ಇಷ್ಟವಾಗುವುದು ಇಂಥದ್ದಕ್ಕೇ. ತಪ್ಪು ಮೆರವಣಿಗೆಗೆ ಹೋಗಿಬಂದವರು ಆಮೇಲೆ ಸ್ವಲ್ಪ ಮೆತ್ತಗಿರುತ್ತಾರೆ.

ಆಗ ಬ್ರೆಜಿಲ್‌ನಲ್ಲಿ 1964ರಿಂದ ಮಿಲಿಟರಿ ಆಡಳಿತ. 1968ರ ಡಿಸೆಂಬರ್ 13ರಂದು ಐದನೇ ಸಾಂಸ್ಥಿಕ ಕಾಯ್ದೆ ಬಂತು. ನಮ್ಮ ತುರ್ತು ಪರಿಸ್ಥಿತಿಯ ಅಣ್ಣ ಅನ್ನಿ. ಎರಡು ವಾರ ಕಳೆಯುವುದರೊಳಗೆ ಜಿಲ್ ಮತ್ತು ಕಯೇತಾನೊ ಇಬ್ಬರನ್ನೂ ಮನೆಯಿಂದ ಎತ್ತಿಕೊಂಡು ಹೋದರು. ತಲೆ ಬೋಳಿಸಿದರು. ಸುಮಾರು ಎರಡು ತಿಂಗಳು ರಿಯೊ ನಗರದ ಬ್ಯಾರಕ್‌ಗಳಲ್ಲಿ ಇಟ್ಟರು.

ಆ ಎರಡು ತಿಂಗಳ ಬಗ್ಗೆ ನಾನು ಜಾಸ್ತಿ ಯೋಚನೆ ಮಾಡಿದ್ದೇನೆ. ಕಯೇತಾನೊ ಅಲ್ಲಿ ಕುಗ್ಗಿಹೋದರು. ಜಿಲ್ ಬೇರೆ ದಾರಿ ಹಿಡಿದರು. ಯೋಗ ಶುರು ಮಾಡಿದರು. ಮಾಂಸ ಬಿಟ್ಟರು. ಮ್ಯಾಕ್ರೊಬಯೋಟಿಕ್ ಅನ್ನುವ ಜಪಾನಿ ಆಹಾರ ಪದ್ಧತಿಗೆ ಬಿದ್ದರು. ಕಾವಲಿನವರು ಒಂದು ಗಿಟಾರ್ ತಂದುಕೊಟ್ಟಾಗ ಹಾಡು ಕಟ್ಟಿದರು. ಅದರಲ್ಲೊಂದು ಕಂಪ್ಯೂಟರಿನ ಬಗ್ಗೆ. ಅದು ಎಲ್ಲಾ ಮಾಡುತ್ತೆ, ಆದರೆ ಮೂಕ ಅನ್ನುವ ಧಾಟಿಯದು. 1969ರಲ್ಲಿ, ಸೆಲ್ಲಿನೊಳಗೆ ಕೂತು, ಕಂಪ್ಯೂಟರ್! ಈ ಎರಡೂ ಸಂಗತಿ, ಜಪಾನಿ ಪಥ್ಯ ಮತ್ತು ಕಂಪ್ಯೂಟರ್, ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ಕಡತದಲ್ಲಿ ಬರುತ್ತವೆ.

ಬಿಡುಗಡೆ ಮಾಡಿದರು, ಆದರೆ ಸಾಲ್ವಡಾರ್ ಬಿಟ್ಟು ಹೊರಗೆ ಹೋಗುವ ಹಾಗಿಲ್ಲ. ಕೊನೆಗೆ ದೇಶವನ್ನೇ ಬಿಡಿ ಅಂದರು. ವಿಮಾನದ ಟಿಕೆಟ್ಟಿಗೆ ದುಡ್ಡಿಲ್ಲ. ದುಡ್ಡು ಕೂಡಿಸಲು ಒಂದು ಸಂಗೀತ ಕಛೇರಿ ಮಾಡಲು ಮಿಲಿಟರಿಯವರೇ ಒಪ್ಪಿಗೆ ಕೊಟ್ಟರು. ಗಡೀಪಾರಿನ ಖರ್ಚನ್ನು ಗಡೀಪಾರಾಗುವವನೇ ಹಾಡಿ ಸಂಪಾದಿಸಬೇಕು! 1969ರ ಜುಲೈನಲ್ಲಿ ಲಂಡನ್ನಿಗೆ ಹೊರಟರು. ಹೋಗುವ ಮೊದಲು ರಿಯೊ ನಗರಕ್ಕೆ ವಿದಾಯ ಹೇಳಿ ಒಂದು ಹಾಡು ಬರೆದಿದ್ದರು. ‘ಅದೇ ಆ ಅಪ್ಪುಗೆ’ ಅನ್ನುವ ಅರ್ಥದ ಪಲ್ಲವಿ. ಅದು ಟಿವಿಯ ಹಾಸ್ಯಗಾರನೊಬ್ಬನ ಮಾತು. ಬ್ಯಾರಕ್ಕಿನ ಸಿಪಾಯಿಗಳು ಜಿಲ್ ಅವರನ್ನು ಕಂಡಾಗ ಅದನ್ನೇ ಹೇಳುತ್ತಿದ್ದರಂತೆ. ಸಿಪಾಯಿಗಳ ಬಾಯಿಂದ ಬಂದ ಮಾತು ದೇಶವೇ ಹಾಡುವ ಸಾಂಬಾ ಆಯಿತು. ಅದಕ್ಕೊಂದು ದೊಡ್ಡ ಬಹುಮಾನವೂ ಬಂತು. ಲಂಡನ್ನಿನಿಂದಲೇ ಪತ್ರಿಕೆಗೆ ಬರೆದು ಬೇಡ ಅಂದುಬಿಟ್ಟರು.

1972ರಲ್ಲಿ ವಾಪಸ್. ಬಂದು ಮಾಡಿದ ಆಲ್ಬಮ್ಮಿನ ಮೊದಲ ಹಾಡೇ ತಮ್ಮದಲ್ಲ. ಕರುಆರು ಊರಿನ ಆ ಕೊಳಲು ಮೇಳದವರದು. ಲಂಡನ್ ನೋಡಿ ಬಂದವನು ಮೊದಲು ಯಾರಿಗೆ ಮೈಕ್ ಕೊಟ್ಟ ನೋಡಿ.

ಮರುವರ್ಷ ಇನ್ನೊಬ್ಬ ಹಾಡುಗಾರ ಚಿಕೊ ಬುಆರ್ಕಿ ಜೊತೆ ಸೇರಿ ಒಂದು ಹಾಡು ಬರೆದರು. ಪೋರ್ಚುಗೀಸಿನಲ್ಲಿ ‘ಕಾಲಿಸಿ’ ಅಂದರೆ ಪವಿತ್ರ ಪಾತ್ರೆ. ಈ ಪಾತ್ರೆಯನ್ನು ನನ್ನಿಂದ ದೂರ ಮಾಡು ತಂದೆ ಅಂತ ಯೇಸು ಬೇಡಿದ್ದರಲ್ಲ, ಆ ಪಾತ್ರೆ. ಆದರೆ ಕಿವಿಗೆ ಅದು ‘ಬಾಯಿ ಮುಚ್ಚು’ ಅನ್ನುವ ಹಾಗೂ ಕೇಳುತ್ತದೆ. ಸೆನ್ಸಾರಿನವರಿಗೆ ಎರಡನೇ ಅರ್ಥವೇ ಕೇಳಿಸಿತು, ಹಾಡಿಗೆ ತಡೆ ಬಿತ್ತು. ಸಾಹಿತ್ಯ ಬೇಡ, ಬರೀ ರಾಗದಲ್ಲಿ ಗುನುಗೋಣ ಅಂತ ಇಬ್ಬರೂ ವೇದಿಕೆಗೆ ಹೋದರೆ ಮೈಕ್ ಕತ್ತರಿಸಿದರು. ಆ ಹಾಡು ರೆಕಾರ್ಡಾಗಿ ಹೊರಗೆ ಬರಲು ಐದು ವರ್ಷ ಬೇಕಾಯಿತು.

ಇನ್ನು ನಮಗೆ ಹತ್ತಿರದ ಒಂದು ಕತೆ. ಸಾಲ್ವಡಾರ್ ಬಂದರಿನ ಹಮಾಲಿಗಳು 1949ರ ಕಾರ್ನಿವಲ್‌ಗೆ ಒಂದು ಮೇಳ ಕಟ್ಟಿದರು. ಗಾಂಧೀಜಿ ತೀರಿಹೋಗಿ ಒಂದು ವರ್ಷವಾಗಿತ್ತು ಅಷ್ಟೇ. ಮೇಳಕ್ಕೆ ‘ಗಾಂಧಿಯ ಮಕ್ಕಳು’ ಅಂತ ಹೆಸರಿಟ್ಟರು. ವೇಷಕ್ಕೆ ಕಾಸಿಲ್ಲ. ಮಂಚದ ಬಿಳಿ ಹಾಸುಬಟ್ಟೆ ಸುತ್ತಿಕೊಂಡರು, ಟವೆಲ್ಲಿನಲ್ಲಿ ಪೇಟ ಕಟ್ಟಿಕೊಂಡರು. ಆಫ್ರಿಕಾದಿಂದ ಹಡಗಿನಲ್ಲಿ ಗುಲಾಮರಾಗಿ ಬಂದವರ ಮೊಮ್ಮಕ್ಕಳು, ಅಜ್ಜಂದಿರ ದೇವರ ತಾಳ ಬಾರಿಸುತ್ತಾ, ನಮ್ಮ ಗಾಂಧಿ ತಾತನ ಹೆಸರಲ್ಲಿ ಬೀದಿಗಿಳಿದರು. (ಗಾಂಧೀಜಿ ಪೇಟ ಸುತ್ತೋದನ್ನು ಬಿಟ್ಟು ಎಷ್ಟು ವರ್ಷ ಆಗಿತ್ತು ಅಂತ ಆ ಹಮಾಲಿಗಳಿಗೆ ಯಾರು ಹೇಳಬೇಕು! ಪೇಟ ಚೆನ್ನಾಗಿದೆ, ಇರಲಿ.) ಜಿಲ್ ಲಂಡನ್ನಿನಿಂದ ಬರುವ ಹೊತ್ತಿಗೆ ಆ ಮೇಳ ಸೊರಗಿಹೋಗಿತ್ತು. ಜಿಲ್ ಅದರೊಳಗೆ ಸೇರಿಕೊಂಡರು, ಬಿಳಿ ಬಟ್ಟೆ ತೊಟ್ಟು ಬೀದಿಯಲ್ಲಿ ನಡೆದರು, ಮೇಳದ ಹೆಸರಲ್ಲೇ ಹಾಡು ಕಟ್ಟಿದರು. ಮೇಳ ಮತ್ತೆ ಚಿಗುರಿತು. ಈಗ ಕಾರ್ನಿವಲ್‌ನಲ್ಲಿ ಸಾವಿರಾರು ಗಂಡಸರು ಬಿಳಿ ಉಡುಪು, ನೀಲಿ ಬಿಳಿ ಮಣಿಸರ ಹಾಕಿ ಲ್ಯಾವೆಂಡರ್ ನೀರು ಚಿಮುಕಿಸುತ್ತಾ ನಡೆಯುವ ವಿಡಿಯೊ ನೋಡಿ. ನಾನು ಅಕ್ಟೋಬರ್ ಎರಡಕ್ಕೆ ಭಾಷಣ ಕೇಳುವ ಬದಲು ಅದನ್ನೇ ನೋಡುತ್ತೇನೆ.

ರಾಜಕೀಯಕ್ಕೆ ನೇರ ಇಳಿದದ್ದು ಎಂಬತ್ತರ ದಶಕದ ಕೊನೆಯಲ್ಲಿ. ಸಾಲ್ವಡಾರ್ ಮೇಯರ್ ಆಗುವ ಆಸೆ ಇತ್ತು. ಪಕ್ಷ ಟಿಕೆಟ್ ಕೊಡಲಿಲ್ಲ. 1988ರಲ್ಲಿ ನಗರಸಭೆಗೆ ನಿಂತರು. ಊರಿನಲ್ಲೇ ಅತಿ ಹೆಚ್ಚು ವೋಟು ತಗೊಂಡು ಗೆದ್ದರು. ಸಮುದ್ರ, ನದಿ, ಕುಡಿಯುವ ನೀರಿನ ಪರವಾಗಿ ‘ನೀಲಿ ಅಲೆ’ ಅನ್ನುವ ಸಂಸ್ಥೆ ಕಟ್ಟಿದರು, ಗ್ರೀನ್ ಪಕ್ಷ ಸೇರಿದರು. ಒಂದು ಅವಧಿ ಮುಗಿಸಿ ಮತ್ತೆ ಹಾಡಿಗೆ ಹೋದರು.

2002ರ ಕೊನೆಯಲ್ಲಿ ಲೂಲಾ ಅಧ್ಯಕ್ಷರಾಗಿ ಗೆದ್ದರು. ಹಿಂದೆ ಲೇತ್ ತಿರುಗಿಸುತ್ತಿದ್ದ ಕಾರ್ಮಿಕ. ಅವರು ಕರೆದದ್ದು ಜಿಲ್ ಅವರನ್ನು. ಲೂಲಾ ಪಕ್ಷದವರೇ ಗೊಣಗಿದರು. ನಾವು ಇಷ್ಟು ವರ್ಷ ಕೂತು ಸಂಸ್ಕೃತಿಯ ಕಾರ್ಯಕ್ರಮ ಬರೆದಿದ್ದೇವೆ, ಹೊರಗಿನ ಪಾಪ್ ಗಾಯಕ ಯಾಕೆ ಅಂತ. ಅದರ ಮೇಲೆ ಜಿಲ್ ಇನ್ನಷ್ಟು ಎಣ್ಣೆ ಸುರಿದರು. ಮಂತ್ರಿ ಸಂಬಳ ನನ್ನ ಸಂಸಾರಕ್ಕೆ ಸಾಲದು, ಬಿಡುವಿನಲ್ಲಿ ಕಛೇರಿ ಮಾಡ್ತೀನಿ ಅಂದರು. ಪತ್ರಿಕೆಗಳು ಹಿಡಿದುಕೊಂಡವು. ಸೋಮವಾರದಿಂದ ಕಡತ, ಶನಿವಾರ ಗಿಟಾರ್. ಐದೂವರೆ ವರ್ಷ ಹಾಗೇ ನಡೆಯಿತು. ನಮ್ಮಲ್ಲಿ ಮಂತ್ರಿಗಳು ಬಿಡುವಿನಲ್ಲಿ ಏನೇನು ಸಂಪಾದನೆ ಮಾಡ್ತಾರೆ ಅಂತ ನೋಡಿದವನಿಗೆ ಟಿಕೆಟ್ ಮಾರಿ ಹಾಡಿದ್ದು ತಪ್ಪು ಅಂತ ಅನ್ನಿಸಲೇ ಇಲ್ಲ.

ಅಧಿಕಾರ ವಹಿಸಿಕೊಂಡ ದಿನದ ಭಾಷಣದಲ್ಲಿ ಒಂದು ವಿಚಿತ್ರ ಪದ ಇತ್ತು. ‘ದೋ ಇನ್’. ಬೆರಳಿನಿಂದ ಮೈಮೇಲಿನ ಮರ್ಮಸ್ಥಾನಗಳನ್ನು ಒತ್ತಿ ಶಕ್ತಿ ಹರಿಯುವ ಹಾಗೆ ಮಾಡುವ ಜಪಾನಿ ಪದ್ಧತಿ ಅದು. ದೇಶದ ಸಂಸ್ಕೃತಿಯನ್ನು ಒಂದು ಮೈ ಅಂದುಕೊಳ್ಳಿ, ಅದರಲ್ಲಿ ಮರಗಟ್ಟಿದ, ಯಾರೂ ಗಮನಿಸದ ಬಿಂದುಗಳನ್ನು ಹುಡುಕಿ ಒತ್ತಬೇಕು, ಇಲಾಖೆಯ ಕೆಲಸ ಅದು ಅಂದರು. ಮ್ಯಾಕ್ರೊಬಯೋಟಿಕ್ ಪಥ್ಯ ಮಾಡುವವರು ಈ ದೋ ಇನ್ ಅನ್ನೂ ಜೊತೆಗೇ ಕಲಿಯುತ್ತಾರೆ. ಬ್ಯಾರಕ್ಕಿನಲ್ಲಿ ಹಿಡಿದ ದಾರಿ ಮೂವತ್ತನಾಲ್ಕು ವರ್ಷದ ಮೇಲೆ ಮಂತ್ರಿಯ ಭಾಷಣಕ್ಕೆ ಬಂದು ಮುಟ್ಟಿದೆ ಅಂತ ನನ್ನ ಲೆಕ್ಕ. ಜೈಲಿಗೆ ಹಾಕಿದವರಿಗೆ ಗೊತ್ತಾಗಿದ್ದರೆ!

ಆ ಮಾತು ಬರೀ ಭಾಷಣದಲ್ಲಿ ಉಳಿಯಲಿಲ್ಲ. 2004ರಲ್ಲಿ ‘ಜೀವಂತ ಸಂಸ್ಕೃತಿ’ ಅನ್ನುವ ಯೋಜನೆ ಬಂತು. ನಡೆಸಿದವರು ಸೇಲಿಯೊ ತುರಿನೊ ಅನ್ನುವ ಇತಿಹಾಸಕಾರ. ಯೋಜನೆಯ ಒಳಗುಟ್ಟು ಸರಳ. ಸರ್ಕಾರ ಹೊಸ ಭವನ ಕಟ್ಟುವುದಿಲ್ಲ. ಊರಲ್ಲಿ ಆಗಲೇ ಯಾರು ಏನು ಮಾಡುತ್ತಿದ್ದಾರೋ, ಕೊಳೆಗೇರಿಯ ಹಿಪ್‌ಹಾಪ್ ಹುಡುಗರು, ಆದಿವಾಸಿ ಹಾಡಿ, ಮುದುಕಿಯರ ಕುಣಿತದ ಗುಂಪು, ಅವರನ್ನು ಗುರುತಿಸಿ ‘ಸಂಸ್ಕೃತಿ ಬಿಂದು’ ಅಂತ ಕರೆಯುವುದು. ಸುಮಾರು ಮೂರು ವರ್ಷಕ್ಕೆ ಕಂತಿನಲ್ಲಿ 1,85,000 ರಿಯಲ್ (ಬ್ರೆಜಿಲ್ ದೇಶದ ಹಣ) ಕೊಡುವುದು. ಜೊತೆಗೆ ತಮ್ಮ ಹಾಡು ತಾವೇ ರೆಕಾರ್ಡ್ ಮಾಡಿ, ಎಡಿಟ್ ಮಾಡಿ, ಇಂಟರ್ನೆಟ್ಟಿಗೆ ಹಾಕಲು ಉಚಿತ ತಂತ್ರಾಂಶ ತುಂಬಿದ ಕಂಪ್ಯೂಟರು. ಸೆಲ್ಲಿನಲ್ಲಿ ಹಾಡಾಗಿದ್ದ ಕಂಪ್ಯೂಟರ್ ಈಗ ಹಳ್ಳಿ ಮೇಳದ ಕೈಗೆ ಬಂತು. ತಾನು ಹ್ಯಾಕರ್ ನೀತಿಯಿಂದ (ತಿಳಿದದ್ದನ್ನು ಎಲ್ಲರಿಗೂ ಹಂಚು ಅನ್ನುವ ನೀತಿ) ಸ್ಫೂರ್ತಿ ಪಡೆದ ಮಂತ್ರಿ ಅಂತ ಜಿಲ್ ಬಹಿರಂಗವಾಗಿಯೇ ಹೇಳಿಕೊಂಡರು. ತಮ್ಮ ಹಾಡುಗಳನ್ನು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಲ್ಲಿ, ಅಂದರೆ ಬೇರೆಯವರೂ ಬಳಸಿಕೊಳ್ಳಬಹುದು ಅನ್ನುವ ಒಪ್ಪಿಗೆಯಲ್ಲಿ, ಬಿಡಲು ಹೊರಟರು. ರೆಕಾರ್ಡ್ ಕಂಪನಿ ಅಡ್ಡ ಬಂತು, ಕೊನೆಗೆ ಒಂದನ್ನು ಬಿಟ್ಟರು. 2010ರ ಹೊತ್ತಿಗೆ ಬಿಂದುಗಳು ಎರಡು ಸಾವಿರ ದಾಟಿದ್ದವು.

ಕಪೊಯೆರಾ ವಿಷಯವೂ ಇದೇ ಸಾಲಿನದು. ಕುಣಿತದ ವೇಷದಲ್ಲಿರುವ ಕಾದಾಟ, ಗುಲಾಮರದು. 1890ರ ದಂಡಸಂಹಿತೆಯಲ್ಲಿ ಅದು ಅಪರಾಧ, ಆಡಿದರೆ ಜೈಲು. ಅದರ ದೊಡ್ಡ ಗುರು ಮೆಸ್ತ್ರಿ ಪಸ್ತಿನ್ಯಾ 1981ರಲ್ಲಿ ಕುರುಡಾಗಿ, ಕಾಸಿಲ್ಲದೆ ತೀರಿಕೊಂಡರು. 2008ರ ಜುಲೈನಲ್ಲಿ, ಜಿಲ್ ಹುದ್ದೆ ಬಿಡುವ ಕೆಲವೇ ದಿನ ಮೊದಲು, ಅದೇ ಕಪೊಯೆರಾ ರಾಷ್ಟ್ರೀಯ ಪರಂಪರೆ ಆಯಿತು. ಆಟವನ್ನು ಮಾತ್ರ ಅಲ್ಲ, ಗುರುಗಳ ಕಸುಬನ್ನೂ ದಾಖಲೆಗೆ ಸೇರಿಸಿದರು. ನನಗೆ ಅದು ದೊಡ್ಡದಾಗಿ ಕಂಡಿತು. ನಮ್ಮೂರಲ್ಲಿ ತಮಟೆ ಇಲ್ಲದೆ ದೇವರು ಗುಡಿ ಬಿಟ್ಟು ಹೊರಗೆ ಬರುವುದಿಲ್ಲ. ಬಾರಿಸುವವರು ಮಾತ್ರ ಗುಡಿಯ ಒಳಗೆ ಹೋಗುವ ಹಾಗಿರಲಿಲ್ಲ. ಕಲೆಗೆ ಹಾರ, ಕಲಾವಿದನಿಗೆ ಅಂಗಳ. ಹಾಗಾಗಿ ಗುರುವಿನ ಹೆಸರೂ ಕಾಗದದಲ್ಲಿ ಬಂತು ಅಂದರೆ ನಾನು ಎರಡು ಸಲ ಓದುತ್ತೇನೆ.

ವಿಶ್ವಸಂಸ್ಥೆಯಲ್ಲಿ ಹಾಡಿದ ಕಛೇರಿಯ ಬಗ್ಗೆ ಎಲ್ಲರೂ ಬರೆದಿದ್ದಾರೆ, ಚಿಕ್ಕದಾಗಿ ಹೇಳಿಬಿಡ್ತೀನಿ. 2003ರ ಸೆಪ್ಟೆಂಬರ್, ನ್ಯೂಯಾರ್ಕ್. ಬ್ರೆಜಿಲ್‌ನ ಸೆರ್ಜಿಯೊ ವಿಯೇರಾ ದೆ ಮೆಲ್ಲೊ, ಇರಾಕಿನಲ್ಲಿ ವಿಶ್ವಸಂಸ್ಥೆಯ ಪ್ರತಿನಿಧಿ, ಒಂದು ತಿಂಗಳ ಹಿಂದಷ್ಟೇ ಬಾಗ್ದಾದ್‌ನ ಬಾಂಬಿಗೆ ಬಲಿಯಾಗಿದ್ದರು. ಮಹಾಸಭೆಯ ಸಭಾಂಗಣದಲ್ಲಿ ಮಂತ್ರಿ ಗಿಟಾರ್ ಹಿಡಿದು ಹಾಡಿದರು. ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಅವರನ್ನು ವೇದಿಕೆಗೆ ಕರೆದು ಡ್ರಮ್ ಮುಂದೆ ನಿಲ್ಲಿಸಿದರು. ಅನ್ನಾನ್ ಬಾರಿಸಿದರು. ತಪ್ಪಿಲ್ಲದೆ ಬಾರಿಸಿದರು ಅನ್ನೋದು ವಿಡಿಯೊದಲ್ಲಿದೆ.

ಇಷ್ಟೆಲ್ಲ ಚೆಂದದ ಕತೆಯಾದ ಮೇಲೆ ಬಿಲ್ಲಿನ ಕತೆಗೆ ಬರಬೇಕು. ಇದು ನಾನು ಬಹಳ ದಿನ ಓದದೆ ತಳ್ಳಿದ ಭಾಗ.

ಬಿಂದುಗಳಿಗೆ ದುಡ್ಡು ಕೊಟ್ಟದ್ದು ಹಾಡುಗಾರ ಮಂತ್ರಿ. ಆದರೆ ಲೆಕ್ಕ ಕೇಳಿದ್ದು ಹಳೆಯ ಕಾನೂನು. ಸೇತುವೆ ಕಟ್ಟುವ ಗುತ್ತಿಗೆದಾರ ಯಾವ ನಮೂನೆಯಲ್ಲಿ ಲೆಕ್ಕ ಕೊಡಬೇಕೋ, ಹೆಚ್ಚುಕಮ್ಮಿ ಅದೇ ನಮೂನೆ ಆದಿವಾಸಿ ಹಾಡಿಗೂ, ಮುದುಕಿಯರ ಕುಣಿತಕ್ಕೂ. ಕಂತು ತಡವಾಗಿ ಬಂತು. ಅಷ್ಟರಲ್ಲಿ ಸಾಲ ಮಾಡಿ ಹಬ್ಬ ನಡೆಸಿದವರಿಗೆ ಆ ಖರ್ಚು ತೋರಿಸುವ ಹಾಗಿಲ್ಲ, ದಿನಾಂಕ ತಾಳೆ ಆಗುವುದಿಲ್ಲ. ದೋಣಿಯಲ್ಲಿ ಹೋಗುವ ಊರಲ್ಲಿ ರಸೀದಿ ಪುಸ್ತಕ ಇಟ್ಟುಕೊಂಡ ಅಂಗಡಿ ಎಲ್ಲಿಂದ ಬರಬೇಕು? ಎಷ್ಟೋ ತಂಡಗಳು ಬಾಕಿದಾರರ ಪಟ್ಟಿಗೆ ಬಿದ್ದವು. ಆ ಯೋಜನೆ ಬರುವ ಮೊದಲು ಬಡವರಾಗಿದ್ದರು ಅಷ್ಟೇ, ಬಂದ ಮೇಲೆ ಸರ್ಕಾರಕ್ಕೆ ಸಾಲಗಾರರೂ ಆದರು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಅಂತ ನಮ್ಮಲ್ಲಿ ಗಾದೆ ಇದೆ. ಪೂಜಾರಿಯನ್ನು ಬೈದು ಸುಮ್ಮನಾಗುವುದು ಸುಲಭ. ನಾನು ಜಿಲ್ ಅವರನ್ನೂ ಬಿಡುವುದಿಲ್ಲ. ಮರ್ಮಸ್ಥಾನ ಎಲ್ಲಿದೆ ಅಂತ ಬೆರಳಿಟ್ಟು ಹೇಳಿದವರು ಮೊದಲ ವರ್ಷವೇ ಲೆಕ್ಕದ ನಮೂನೆಯ ಮೇಲೂ ಬೆರಳು ಇಡಬೇಕಿತ್ತು. ಹಾಡು ಕಟ್ಟುವವರಿಗೆ ನಮೂನೆ ಬೇಜಾರಿನ ವಿಷಯ, ನಿಜ. ಆದರೆ ಮಂತ್ರಿ ಆದಮೇಲೆ ಆ ಬೇಜಾರೇ ಕೆಲಸ.

ಇಲಾಖೆಗೆ ದುಡ್ಡೂ ಕಮ್ಮಿ ಇತ್ತು. ಕೇಂದ್ರ ಬಜೆಟ್ಟಿನಲ್ಲಿ ಶೇಕಡಾ ಒಂದು ಕೊಡಿ ಅಂತ ಕೊನೆಯವರೆಗೂ ಕೇಳಿದರು, ಸಿಗಲಿಲ್ಲ. ದೊಡ್ಡ ಕಂಪನಿಗಳು ತೆರಿಗೆ ಉಳಿಸಿಕೊಂಡು ಕಲೆಗೆ ಕೊಡುವ ಹಣ ರಿಯೊ, ಸಾವೊ ಪೌಲೊ ದಾಟುತ್ತಿರಲಿಲ್ಲ. ಅದನ್ನು ಬದಲಿಸಲು ಹೋದರೂ ಪೂರ್ತಿ ಆಗಲಿಲ್ಲ. ಗಂಟಲೂ ಕೈಕೊಟ್ಟಿತ್ತು, ಧ್ವನಿತಂತಿಯ ತೊಂದರೆ. 2008ರಲ್ಲಿ ಹಾಡಿಗೆ ವಾಪಸ್ ಹೋಗ್ತೀನಿ ಅಂತ ಹೇಳಿ ಹೊರಟರು.

ಮುಂದಿನ ಕತೆ ನೋಡಿ. 2019ರ ಜನವರಿಯಲ್ಲಿ ಬೊಲ್ಸೊನಾರೊ ಅಧ್ಯಕ್ಷರಾಗಿ ಬಂದು ಸಂಸ್ಕೃತಿ ಸಚಿವಾಲಯವನ್ನೇ ಮುಚ್ಚಿಬಿಟ್ಟರು. ನಾಲ್ಕು ವರ್ಷ ಆದಮೇಲೆ ಲೂಲಾ ಮತ್ತೆ ಬಂದು ತೆರೆದರು. ಆ ಖುರ್ಚಿಯಲ್ಲಿ ಕೂರಿಸಿದ್ದು ಮಾರ್ಗರೆಥ್ ಮೆನೆಜೆಸ್ ಅವರನ್ನು. ಅವರೂ ಹಾಡುವವರೇ. ಅವರೂ ಸಾಲ್ವಡಾರ್‌ನವರೇ. ಆ ಊರಿನ ನೀರಿನಲ್ಲಿ ಏನೋ ಇದೆ.

ಲೆಕ್ಕದ ನಮೂನೆ ಬದಲಾಯಿತಾ? ಆಯಿತು, ಆದರೆ ತಡವಾಗಿ. ‘ಜೀವಂತ ಸಂಸ್ಕೃತಿ’ ಕಾನೂನಾಗಿದ್ದು 2014ರಲ್ಲಿ, ಜಿಲ್ ಖುರ್ಚಿ ಬಿಟ್ಟು ಆರು ವರ್ಷಕ್ಕೆ. ಚೀಟಿ ಎಣಿಸುವುದಕ್ಕಿಂತ ಒಪ್ಪಿಕೊಂಡ ಕೆಲಸ ನಡೆಯಿತಾ ಅಂತ ನೋಡಿ, ಲೆಕ್ಕ ಸರಳ ಮಾಡಿ ಅನ್ನುವುದು ಅದರ ಸಾರ. ಜಗಳ ಮಾಡಿ, ಪಟ್ಟಿ ಹಿಡಿದು, ಕಾನೂನು ಬರೆಸಿದ್ದು ಬಹಳ ಮಟ್ಟಿಗೆ ಆ ಬಿಂದುಗಳ ಜನವೇ.

ಇದನ್ನೆಲ್ಲ ಓದಿ ಮುಗಿಸಿದ ದಿನ ತಾತನಿಗೆ ಫೋನ್ ಮಾಡಿದೆ. ನಿಮ್ಮಂಥವರು ಒಬ್ಬರು ಮಂತ್ರಿ ಆಗಿದ್ದರು ತಾತ, ಬ್ರೆಜಿಲ್ ಅಂತ ದೇಶ, ಅಂತ ಶುರು ಮಾಡಿ ನನಗೆ ತಿಳಿದ ಹಾಗೆ ಹೇಳಿದೆ. ಗಾಂಧಿ ವೇಷದ ಹಮಾಲಿಗಳ ಕತೆಗೆ ನಕ್ಕರು. ಜೈಲಿನ ಕತೆಗೆ ಸುಮ್ಮನಿದ್ದರು.

‘ಅಲ್ಲೂ ಚರ್ಮದ ವಾದ್ಯನೇನಾ?’

ಹೌದು ತಾತ ಅಂದೆ. ಜೋಂಗೊ ಅಂತ ಒಂದು ಕುಣಿತ ಇದೆ, ಕಾಫಿ ತೋಟದ ಗುಲಾಮರದು, ಅದನ್ನೂ 2005ರಲ್ಲಿ ಇದೇ ಮಂತ್ರಿ ಕಾಲದಲ್ಲಿ ಪರಂಪರೆಗೆ ಸೇರಿಸಿದರು, ಅದರ ಡೋಲನ್ನು ರಾತ್ರಿಯೆಲ್ಲ ಬೆಂಕಿ ಹತ್ತಿರ ಇಟ್ಟು ಕಾಯಿಸ್ತಾರೆ, ಥೇಟ್ ನಮ್ಮ ಹಾಗೇ ಅಂದೆ. ತಾತನಿಗೆ ಬಹಳ ಖುಷಿಯಾಯಿತು. ‘ಚರ್ಮ ಅಂದ್ಮೇಲೆ ಕಾಯಿಸ್ಲೇಬೇಕು ಮಗ, ಯಾವ ದೇಶ ಆದ್ರೂನೂವೆ’ ಅಂದರು.

ಸ್ವಲ್ಪ ಹೊತ್ತು ಫೋನಿನಲ್ಲಿ ಬರೀ ಕೆಮ್ಮು. ಆಮೇಲೆ ಕೇಳಿದರು.

‘ಅಂಗಾದ್ರೆ ಆ ಸೌದೆಗೆ ಬಿಲ್ಲು ಯಾರು ಕೊಟ್ರಂತೆ?’